ಹವಾನಾದಲ್ಲಿ ‘ಹಳೆಯ ಪೆಟ್ಟಿಗೆ’ ಕೊಳ್ಳುವ ಮುನ್ನ ದಯವಿಟ್ಟು ಇದನ್ನು ಓದಿ

ಸಿಗಾರ್ ಸೇದುವ ಅಭ್ಯಾಸವಿರುವ ಕನ್ನಡಿಗರಲ್ಲಿ, ಅದರಲ್ಲೂ ಚಳಿಗಾಲ ಬಂತೆಂದರೆ ಟೊರಾಂಟೊ, ಮಿಸ್ಸಿಸಾಗಾ ಕಡೆಯಿಂದ ಕ್ಯೂಬಾಕ್ಕೆ ವಿಮಾನ ಹತ್ತುವ ನಮ್ಮವರಲ್ಲಿ, ಒಂದು ಮಾತನ್ನು ಮೊದಲೇ ಕೇಳಿಕೊಳ್ಳುತ್ತೇನೆ. ಸರ್ಕಾರಿ ಅಂಗಡಿಯ ಹೊರಗೆ ಯಾರೇ ಆಗಲಿ, ಎಷ್ಟೇ ಸಭ್ಯರಾಗಿ ಕಾಣಲಿ, ‘ವರ್ಷಗಟ್ಟಲೆ ಮಾಗಿದ ಹಳೆಯ ಸಿಗಾರ್ ಪೆಟ್ಟಿಗೆ ನಮ್ಮ ಮನೆಯಲ್ಲಿದೆ’ ಎಂದರೆ ಅದನ್ನು ಕೊಳ್ಳಬೇಡಿ. ನೋಡಲೂ ಹೋಗಬೇಡಿ. ಬಹು ಮುಖ್ಯವಾಗಿ, ನೀವು ಯಾವ ಇಸವಿಯ ಪೆಟ್ಟಿಗೆಯನ್ನು ಹುಡುಕುತ್ತಿದ್ದೀರಿ ಎಂಬುದನ್ನು ಬಾಯಿ ಬಿಟ್ಟು ಹೇಳಬೇಡಿ.

ಹವಾನಾದ ಬೀದಿ ದಲ್ಲಾಳಿಗಳ ವಿಷಯ ನಿಮಗೆಲ್ಲ ಗೊತ್ತಿರುವುದೇ. ಓಬಿಸ್ಪೊ ಬೀದಿಯಲ್ಲಿ ನಡೆದರೆ ಸಾಕು, ‘ಇವತ್ತು ಕಾರ್ಮಿಕರ ಸಹಕಾರ ಸಂಘದ ದಿನ, ಇವತ್ತೊಂದೇ ದಿನ ಅರ್ಧ ಬೆಲೆ’ ಎಂದೋ, ‘ನಮ್ಮ ತಂದೆ ಪರ್ತಗಾಸ್ ಸಿಗಾರ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ’ ಎಂದೋ ಯಾರಾದರೂ ಬೆನ್ನು ಹತ್ತುತ್ತಾರೆ. ಗಾಜಿನ ಮುಚ್ಚಳದ, ಕೊಹಿಬಾ ಎಂಬ ಹೆಸರಾಂತ ಸಿಗಾರ್‌ನ ಪೆಟ್ಟಿಗೆ ತೋರಿಸುವವರನ್ನೂ ನೀವು ಕಂಡಿರಬಹುದು. ಗಾಜಿನ ಮುಚ್ಚಳದಲ್ಲಿ ಅಸಲಿ ಕೊಹಿಬಾ ಬರುವುದೇ ಇಲ್ಲವೆಂಬುದು ಸೇದುವವರಿಗೆಲ್ಲ ತಿಳಿದ ಸಂಗತಿ. ಅಂಥವರನ್ನು ನಾನು ಹಲವು ಬಾರಿ ದಾಟಿ ಹೋಗಿದ್ದೇನೆ. ನನಗೆ ಆದದ್ದು ಅದಲ್ಲ. ನನ್ನನ್ನು ಬೀದಿಯಲ್ಲಿ ಯಾರೂ ಹಿಡಿಯಲಿಲ್ಲ. ನಾವು ಬಾಡಿಗೆಗೆ ಇಳಿದುಕೊಂಡಿದ್ದ ಮನೆಯ ಊಟದ ಮೇಜಿನ ಮೇಲೆಯೇ ಈ ಮೋಸ ಶುರುವಾಯಿತು.

ಸಿಗಾರ್ ಮಾಗಿಸುವುದು ನನ್ನ ಮನೆಯಲ್ಲಿ ಬಹುಕಾಲದಿಂದ ನಡೆದುಬಂದಿರುವ ದಿನಚರಿ. ನಾನು ಹುಣಸೂರಿನ ಕಡೆಯವನು. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ಎಲೆ ಹದವಾಗುವ ವಾಸನೆಯಲ್ಲೇ ಬೆಳೆದವನು. ಕ್ಯೂಬಾದ ಎಲೆಯನ್ನು ನಮ್ಮಲ್ಲಿಯಂತೆ ಬೆಂಕಿಯ ಬಿಸಿಯಲ್ಲಿ ಹದ ಮಾಡುವುದಿಲ್ಲ, ಗಾಳಿಯಲ್ಲಿ ನಿಧಾನವಾಗಿ ಒಣಗಿಸುತ್ತಾರೆ. ಆದರೂ ಒಳ್ಳೆಯ ಎಲೆ ಯಾವುದು, ಕಸ ಯಾವುದು ಎಂಬುದನ್ನು ಮೂಗು ಮರೆಯುವುದಿಲ್ಲ. ನಮ್ಮ ಮನೆಯ ನೆಲಮಾಳಿಗೆಯಲ್ಲಿ ಸಿಗಾರ್‌ಗೆ ಹದವಾದ ತೇವ ಉಳಿಸುವ, ದೇವದಾರಿನ ಒಳಮೈ ಇರುವ ಹ್ಯೂಮಿಡಾರ್ ಇದೆ. ಕೆನಡಾದ ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯ ಗಾಳಿ ಹೊರಎಲೆಯನ್ನು ಬಿರುಕು ಬಿಡಿಸುವಷ್ಟು ಒಣಗುತ್ತದೆ. ಆದ್ದರಿಂದ ತೇವಾಂಶವನ್ನು ಶೇ. 65ರ ಆಸುಪಾಸಿನಲ್ಲಿಯೂ ಉಷ್ಣತೆಯನ್ನು 18 ಡಿಗ್ರಿಯ ಆಸುಪಾಸಿನಲ್ಲಿಯೂ ಉಳಿಸಿಕೊಳ್ಳುವುದು ಪ್ರತಿದಿನದ ಕಾಳಜಿ. ಸೆಖೆ ಹೆಚ್ಚಿದರೆ ಎಲೆಯೊಳಗಿನ ಹುಳುವಿನ ಮೊಟ್ಟೆಗಳು ಒಡೆದು ಇಡೀ ಪೆಟ್ಟಿಗೆ ತೂತಾಗುತ್ತದೆ. ಹೊಸ ಸಿಗಾರ್‌ನಲ್ಲಿ ಮೂಗಿಗೆ ಚುಚ್ಚುವ ಅಮೋನಿಯಾದ ಘಾಟು ಇರುತ್ತದೆ. ಅದು ಹೋಗಿ, ಖಾರ ಇಳಿದು, ಹೊಗೆ ಮೆತ್ತಗಾಗಲು ವರ್ಷಗಳೇ ಬೇಕು. ಶನಿವಾರ ಸಂಜೆ ಒಂದು ಮೊಂಟೆಕ್ರಿಸ್ಟೊ ನಂಬರ್ 4 ಸಿಗಾರ್, ಹಬ್ಬಕ್ಕೋ ಮನೆಗೆ ನೆಂಟರು ಬಂದಾಗಲೋ ಹಳೆಯ ಪೆಟ್ಟಿಗೆಯಿಂದ ಒಂದು: ನಮ್ಮ ಮನೆಯ ಕ್ರಮ ಇಷ್ಟೇ.

ನನ್ನ ಮಗಳು ಹುಟ್ಟಿದ್ದು 2006ರಲ್ಲಿ. ಆ ಇಸವಿಯಲ್ಲಿ ಕಟ್ಟಿದ್ದೆಂಬ ಮೊಹರು ತಳದಲ್ಲಿರುವ ಒಂದು ಪೆಟ್ಟಿಗೆ ನನ್ನ ಸಂಗ್ರಹದಲ್ಲಿರಬೇಕು, ಅವಳ ಮದುವೆಯ ದಿನ ಅದನ್ನು ತೆರೆದು ಬೀಗರಿಗೂ ಗೆಳೆಯರಿಗೂ ಕೊಡಬೇಕು ಎಂಬ ಆಸೆ ನನಗೆ ಬಹಳ ದಿನದಿಂದ ಇತ್ತು. ಈ ಆಸೆಯನ್ನು ಮನೆಯೊಡತಿಯ ಮುಂದೆ ಬೆಳಗಿನ ತಿಂಡಿಯ ಹೊತ್ತಿನಲ್ಲಿ ಹೇಳಿದೆ. ಅವರು ಬಹಳ ವಾತ್ಸಲ್ಯದಿಂದ ಕೇಳಿಸಿಕೊಂಡರು, ಮಗಳ ಫೋಟೊ ನೋಡಿದರು, ಹೆಸರು ಕೇಳಿದರು. ಎರಡು ದಿನ ಬಿಟ್ಟು ಅವರ ಪರಿಚಯದ ಒಬ್ಬ ಯುವಕ ಬಂದ. ಇಸ್ತ್ರಿ ಮಾಡಿದ ಅಂಗಿ, ಒಳ್ಳೆಯ ಇಂಗ್ಲಿಷ್, ಅವಸರವೇ ಇಲ್ಲದ ಮಾತು. ಸಿಗಾರ್ ಮಾರುತ್ತೇನೆಂದು ಅವನು ಹೇಳಲೇ ಇಲ್ಲ. 2022ರಲ್ಲಿ ಕೊಹಿಬಾ ಬೆಲೆಯನ್ನು ಲೋಕದಾದ್ಯಂತ ಒಮ್ಮೆಲೇ ಏರಿಸಿದ್ದು, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಇಯಾನ್ ಚಂಡಮಾರುತ ಪಿನಾರ್ ದೆಲ್ ರಿಯೊ ಪ್ರಾಂತ್ಯದಲ್ಲಿ ಎಲೆ ಒಣಗಿಸುವ ಮನೆಗಳನ್ನು ಸಾವಿರಾರು ಸಂಖ್ಯೆಯಲ್ಲಿ ಕೆಡವಿದ್ದು, ಅಂಗಡಿಗಳ ಕಪಾಟು ಖಾಲಿಯಾಗಿದ್ದು, ಎಲ್ಲವನ್ನೂ ವಿವರಿಸಿದ. ಎಲ್ಲವೂ ನಿಜವೇ. ನಿಜವಾದ ಹತ್ತು ಮಾತುಗಳ ನಡುವೆ ಒಂದು ಸುಳ್ಳು ಹೇಳಿದ: ತೀರಿಹೋದ ಚಿಕ್ಕಪ್ಪನ ಬೀರುವಿನಲ್ಲಿ ಒಂದು ಮೊಂಟೆಕ್ರಿಸ್ಟೊ ನಂಬರ್ 2 ಪೆಟ್ಟಿಗೆ ಇದೆ, ಇಸವಿ ನೋಡಬೇಕು, 2006 ಇರಬಹುದು ಎಂದ.

ಸೆಂತ್ರೊ ಹವಾನಾದ ಒಂದು ಹಳೆಯ ಕಟ್ಟಡದ ಮೇಲಿನ ಮಹಡಿಗೆ ಕರೆದುಕೊಂಡು ಹೋದ. ಕರೆಂಟ್ ಇರಲಿಲ್ಲ, ಮೊಬೈಲ್ ಬೆಳಕಿನಲ್ಲಿ ಪೆಟ್ಟಿಗೆ ತೋರಿಸಿದ. ತಳದಲ್ಲಿ ಕಾಯಿಸಿ ಒತ್ತಿದ ‘ಹೆಚೊ ಎನ್ ಕೂಬಾ, ತೊತಾಲ್ಮೆಂತೆ ಅ ಮಾನೊ’ (ಕ್ಯೂಬಾದಲ್ಲಿ ಮಾಡಿದ್ದು, ಪೂರ್ತಿ ಕೈಯಿಂದ) ಇತ್ತು. ಅದರ ಕೆಳಗೆ ಕಾರ್ಖಾನೆಯ ಸಂಕೇತ, ‘ಅಗೊ 06’ ಎಂಬ ಶಾಯಿಯ ಮೊಹರು. ಅಲ್ಲಿ ತಿಂಗಳನ್ನು ಸ್ಪ್ಯಾನಿಷ್‌ನಲ್ಲಿಯೇ ಒತ್ತುವುದರಿಂದ ಆಗಸ್ಟ್ ತಿಂಗಳೆಂದರೆ ‘ಅಗೊ’, ಅದೂ ಸರಿಯಾಗಿತ್ತು. ಅಂಚಿನಲ್ಲಿ ಹಸಿರು ಬಿಳುಪಿನ ಸರ್ಕಾರಿ ಖಾತರಿ ಸೀಲ್, ಮೂಲೆಯಲ್ಲಿ ಕ್ಯೂಬಾದ ಸಿಗಾರ್ ಮಾರುವ ಸಂಸ್ಥೆಯ ‘ಹಬಾನೋಸ್’ ಪಟ್ಟಿ. ಮುಚ್ಚಳ ತೆರೆದು ತೋರಿಸು ಎಂದೆ. ಅವನು ಗಾಬರಿಯಾದವನಂತೆ ನನ್ನ ಕೈ ತಡೆದ. ಸೀಲ್ ಹರಿದರೆ ವಿಮಾನ ನಿಲ್ದಾಣದಲ್ಲಿ ಬಿಡುವುದಿಲ್ಲ, ರಸೀದಿ ಇಲ್ಲದೆ ಬಿಡಿಯಾಗಿ 20 ಸಿಗಾರ್ ಮಾತ್ರ ಒಯ್ಯಬಹುದು, ಸೀಲ್ ಇರುವ ಪೆಟ್ಟಿಗೆಯಲ್ಲಾದರೆ 50ರವರೆಗೆ ಒಯ್ಯಬಹುದು, ಇದರಲ್ಲಿ 25 ಇವೆ ಎಂದ. ಅವನು ಹೇಳಿದ ನಿಯಮ ಸರಿಯಾದದ್ದೇ, ಓದುಗರು ಇದನ್ನು ಗಮನಿಸಬೇಕು. ಸರಿಯಾದ ನಿಯಮವನ್ನೇ ಮುಂದಿಟ್ಟು, ಒಳಗಿನ ಸರಕನ್ನು ನಾನು ನೋಡದಂತೆ ಮಾಡಿದ. 300 ಯೂರೊ ಎಣಿಸಿ ಕೊಟ್ಟೆ. ಅವನು ಮಗಳಿಗೆ ಶುಭಾಶಯ ಹೇಳಿ ಕಳಿಸಿದ. ಮಗಳಿಗೆ!

ಮರುದಿನ ಮಿರಮಾರ್‌ನಲ್ಲಿ, ಐದನೇ ಅವೆನ್ಯೂ ಮತ್ತು 16ನೇ ಬೀದಿ ಸೇರುವಲ್ಲಿರುವ ಲಾ ಕಾಸಾ ದೆಲ್ ಹಬಾನೊ ಎಂಬ ಸರ್ಕಾರಿ ಸಿಗಾರ್ ಅಂಗಡಿಗೆ ಪರ್ತಗಾಸ್ ಡಿ ನಂಬರ್ 4 ಸಿಗಾರ್ ಕೊಳ್ಳಲು ಹೋದೆ. ಅಲ್ಲಿನ ಹಿರಿಯ ನೌಕರರೊಬ್ಬರ ಜೊತೆ ಮಾತು ಬೆಳೆಯಿತು. ಚೀಲದಲ್ಲಿದ್ದ ಪೆಟ್ಟಿಗೆಯನ್ನು ಸಂತೋಷದಿಂದಲೇ ತೆಗೆದು ತೋರಿಸಿದೆ. ಅವರು ಅದನ್ನು ತಿರುಗಿಸಿ ತಳ ನೋಡಿದರು. ಮತ್ತೆ ತಿರುಗಿಸಿ ಸೀಲ್ ನೋಡಿದರು. ಮಾತನಾಡಲಿಲ್ಲ. ತಮ್ಮ ಕಪಾಟಿನಿಂದ ಹೊಸ ಪೆಟ್ಟಿಗೆಯೊಂದನ್ನು ತಂದು ಪಕ್ಕದಲ್ಲಿಟ್ಟು, ಎರಡರ ಸೀಲ್‌ಗಳ ಮೇಲೆ ಒಂದೊಂದು ಬೆರಳಿಟ್ಟರು. ಎರಡರಲ್ಲೂ ಬಾರ್‌ಕೋಡ್ ಇತ್ತು, ಎರಡರಲ್ಲೂ ಹೊಲೊಗ್ರಾಮ್ ಇತ್ತು. ಆಮೇಲೆ ತಳದ ‘06’ ಅನ್ನು ತೋರಿಸಿ, ‘ಸೆನ್ಯೋರ್, ಈ ಪೆಟ್ಟಿಗೆ ಕಟ್ಟಿದಾಗ ಈ ಸೀಲ್ ಇನ್ನೂ ಹುಟ್ಟಿರಲಿಲ್ಲ’ ಎಂದರು.

ಅಂಗಡಿಯಲ್ಲಿ ಬೇರೆ ಗಿರಾಕಿಗಳೂ ಇದ್ದರು. ನನ್ನ ಕಿವಿ ಬಿಸಿಯಾದದ್ದು ನನಗೇ ತಿಳಿಯುತ್ತಿತ್ತು. ಖಾತರಿ ಸೀಲ್‌ನ ಪದ್ಧತಿ ಶತಮಾನಕ್ಕೂ ಹಳೆಯದು, 1999ರಲ್ಲಿ ಅದಕ್ಕೆ ಕ್ರಮಸಂಖ್ಯೆ ಸೇರಿತು, ಆದರೆ ಬಾರ್‌ಕೋಡ್ ಮತ್ತು ಹೊಲೊಗ್ರಾಮ್ ಬಂದದ್ದು 2009-10ರ ಹೊತ್ತಿಗೆ. 2006ರ ಪೆಟ್ಟಿಗೆಯ ಮೇಲೆ ಅವು ಇರಲು ಸಾಧ್ಯವೇ ಇಲ್ಲ. ಅವರು ಹೆಬ್ಬೆರಳನ್ನು ಒದ್ದೆ ಮಾಡಿ ಮೊಹರಿನ ಮೇಲೆ ಉಜ್ಜಿದಾಗ ‘06’ರ ಆರು ನೀಲಿಯಾಗಿ ಹರಡಿ ಅವರ ಚರ್ಮಕ್ಕೆ ಅಂಟಿತು. ನಾನು ತಿಂಡಿಯ ಮೇಜಿನಲ್ಲಿ ಇಸವಿ ಹೇಳಿದ ಮೇಲೆ ಒತ್ತಿದ ಮೊಹರು ಅದು. ನಾನು 2004 ಎಂದಿದ್ದರೆ 2004 ಬರುತ್ತಿತ್ತು, 2008 ಎಂದಿದ್ದರೆ 2008 ಬರುತ್ತಿತ್ತು. ದುಡ್ಡು ಹೋದದ್ದಕ್ಕಿಂತ ನನಗೆ ಹೆಚ್ಚು ಉರಿದದ್ದು ಇದೇ. ನನ್ನ ಮಗಳು ಹುಟ್ಟಿದ ವರ್ಷವನ್ನು ನನ್ನ ಬಾಯಿಂದಲೇ ಕೇಳಿಕೊಂಡು, ಅದನ್ನೇ ಶಾಯಿಯಲ್ಲಿ ಒತ್ತಿ ನನಗೇ ಮಾರಿದರು.

ಅಲ್ಲಿಯೇ ಸೀಲ್ ಹರಿದು ತೆರೆದೆವು. ನಂಬರ್ 2 ಎಂದರೆ ತುದಿ ಚೂಪಾದ ಪಿರಮಿಡ್ ಆಕಾರ, 156 ಮಿಲಿಮೀಟರ್ ಉದ್ದ. ಅದನ್ನು ಸುತ್ತಲು ಪಳಗಿದ ಕೈ ಬೇಕು. ಅಸಲಿ ಪೆಟ್ಟಿಗೆಯಲ್ಲಿ ಆ ತುದಿಗಳೆಲ್ಲ ಒಂದೇ ಸಾಲಿನಲ್ಲಿ, ಒಂದೇ ಕೋನದಲ್ಲಿರುತ್ತವೆ, ಬಣ್ಣವೂ ಹೆಚ್ಚುಕಡಿಮೆ ಒಂದೇ ಛಾಯೆಯದಾಗಿರುತ್ತದೆ. ನನ್ನದರಲ್ಲಿ ಕೆಲವು ಮೊಂಡಾಗಿದ್ದವು, ಕೆಲವು ಬಾಗಿದ್ದವು, ಒಂದರ ಕಾಗದದ ಉಂಗುರ ಓರೆಯಾಗಿ ಅಂಟಿತ್ತು. ನೌಕರರು ಒಂದನ್ನು ಉದ್ದಕ್ಕೆ ಸೀಳಿದರು. ಉದ್ದಕ್ಕೆ ಮಡಚಿ ಇಟ್ಟ ಇಡೀ ಎಲೆಗಳು ಕಾಣಬೇಕಾಗಿದ್ದ ಜಾಗದಲ್ಲಿ ಪುಡಿ ಎಲೆ, ಬೆರಳುದ್ದದ ಕಡ್ಡಿ, ಇನ್ನೂ ಹಸಿರು ಬಿಡದ ಚೂರುಗಳು ಉದುರಿದವು. ನಮ್ಮೂರಿನಲ್ಲಿ ಎಲೆ ವಿಂಗಡಿಸಿದ ಮೇಲೆ ಗುಡಿಸಿ ಹೊರಗೆ ಹಾಕುವ ಕಸ ಇದಕ್ಕಿಂತ ಚೆನ್ನಾಗಿರುತ್ತದೆ. ಹದಿನೆಂಟು ವರ್ಷ ಮಾಗಿದ ವಾಸನೆಯ ಮಾತು ಹಾಗಿರಲಿ, ಹಸಿ ಅಮೋನಿಯಾ ಮೂಗಿಗೆ ಹೊಡೆಯಿತು.

ಅವನ ವಾಟ್ಸ್‌ಆ್ಯಪ್ ಸಂಖ್ಯೆ ನನ್ನ ಬಳಿ ಇತ್ತು. ಅಂಗಡಿಯ ಹೊರಗೆ ನಿಂತೇ ಫೋಟೊ ಸಮೇತ ಕಳಿಸಿದೆ. ಅವನ ಉತ್ತರಗಳನ್ನು ನೀವು ಓದಲೇಬೇಕು, ಏಕೆಂದರೆ ನಿಮಗೂ ಇವೇ ಬರುತ್ತವೆ. ಮೊದಲು, ‘ಅಮಿಗೊ, ಹಳೆಯ ಸೀಲ್ ತೇವಕ್ಕೆ ಹರಿದಿತ್ತು, ನಿಮಗೆ ತೊಂದರೆಯಾಗಬಾರದೆಂದು ಹೊಸದು ಹಾಕಿಸಿದೆವು’ ಎಂದ. ಸರ್ಕಾರದ ಖಾತರಿ ಸೀಲ್ ಅನ್ನು ಮನೆಯಲ್ಲಿ ಹಾಕಿಸುವುದು ಹೇಗೆ ಎಂದು ಕೇಳಿದೆ. ‘ಅಂಗಡಿಯವರು ಸರ್ಕಾರದವರು, ಬಡವರ ಸರಕನ್ನು ಅವರು ಅಸಲಿ ಎನ್ನುವುದಿಲ್ಲ’ ಎಂಬ ಉತ್ತರ ಬಂತು. ಸೀಳಿದ ಸಿಗಾರ್‌ನ ಫೋಟೊ ಕಳಿಸಿದೆ. ‘ಹಳೆಯ ಎಲೆ ಹಾಗೆಯೇ ಪುಡಿಯಾಗುತ್ತದೆ, ನಿಮಗೆ ಮಾಗಿದ ಸಿಗಾರ್ ಪರಿಚಯ ಇಲ್ಲವೆಂದು ಕಾಣುತ್ತದೆ’ ಎಂದ. ವರ್ಷಗಟ್ಟಲೆ ಮಾಗಿಸಿ ಸೇದುತ್ತಿರುವ ನನಗೆ ಆ ಮಾತು! ಹಣ ಹಿಂದಿರುಗಿಸು ಎಂದಾಗ ಕೊನೆಯ ಉತ್ತರ ಬಂತು: ‘ನೀವು ಕೆನಡಾದವರು. 300 ಯೂರೊ ನಿಮಗೆ ಯಾವ ಲೆಕ್ಕ? ಇಲ್ಲಿ ಕರೆಂಟೂ ಇಲ್ಲ.’ ಆಮೇಲೆ ಆ ಸಂಖ್ಯೆಗೆ ಸಂದೇಶ ತಲುಪಲೇ ಇಲ್ಲ.

ಅಲ್ಲಿ ಕಷ್ಟ ಇರುವುದು ನನಗೆ ಕಾಣದೆ ಇಲ್ಲ. ದಿನಗಟ್ಟಲೆ ವಿದ್ಯುತ್ ಇಲ್ಲದ ಮನೆಗಳನ್ನು, ಅಂಗಡಿ ಮುಂದಿನ ಸಾಲುಗಳನ್ನು ನಾನೂ ನೋಡಿದ್ದೇನೆ. ಸಹಾಯ ಕೇಳಿದ್ದರೆ ಕೊಡುತ್ತಿದ್ದೆ, ಮನಸಾರೆ ಕೊಡುತ್ತಿದ್ದೆ. ಮನೆಯೊಡತಿಯನ್ನು ಕೇಳಿದಾಗ ಅವರು ಪಾತ್ರೆ ತೊಳೆಯುತ್ತಲೇ, ‘ಅವನು ನನ್ನ ಸಂಬಂಧಿಕನೇನಲ್ಲ, ನೀವು ಕೇಳಿದಿರಿ, ನಾನು ತೋರಿಸಿದೆ’ ಎಂದರು. ಮಗಳ ಫೋಟೊ ನೋಡಿ ಹೆಸರು ಕೇಳಿದ್ದವರು ಅವರೇ.

ಇನ್ನು ನಿಮಗೆ ಹೇಳಬೇಕಾದದ್ದು ಸ್ವಲ್ಪವೇ. ಬೇಕಿದ್ದರೆ ಸರ್ಕಾರಿ ಅಂಗಡಿಯಲ್ಲಿ, ರಸೀದಿ ಪಡೆದು, ಮುಚ್ಚಳ ತೆಗೆಸಿ ನೋಡಿ ಕೊಳ್ಳಿ. ಅಲ್ಲಿ ಪೆಟ್ಟಿಗೆ ತೆರೆದು ತೋರಿಸಲು ಯಾರೂ ಬೇಸರಪಡುವುದಿಲ್ಲ. 50ಕ್ಕಿಂತ ಹೆಚ್ಚು ಒಯ್ಯುವುದಾದರೆ ಆ ಅಧಿಕೃತ ರಸೀದಿ ಇಲ್ಲದೆ ಕಸ್ಟಮ್ಸ್ ದಾಟಲಾಗದು. ಸೀಲ್‌ನ ಸಂಖ್ಯೆಯನ್ನು ಹಬಾನೋಸ್ ಸಂಸ್ಥೆಯ ಜಾಲತಾಣದಲ್ಲಿ ಹಾಕಿ ಪರೀಕ್ಷಿಸಬಹುದು, ಆದರೆ ಅದೊಂದನ್ನೇ ನಂಬಬೇಡಿ. ಅಸಲಿ ಪೆಟ್ಟಿಗೆಯೊಂದರ ಸಂಖ್ಯೆಯನ್ನೇ ನಕಲಿ ಸೀಲ್ ಮೇಲೆ ಅಚ್ಚು ಹಾಕಿರಬಹುದು. ತಳದ ಇಸವಿಗೂ ಸೀಲ್‌ನ ಮಾದರಿಗೂ ತಾಳೆ ನೋಡಿ. ಹಳೆಯದು ಬೇಕೆಂಬ ಆಸೆ ಇದ್ದರೆ ಹೊಸ ಪೆಟ್ಟಿಗೆ ಕೊಂಡು ನಿಮ್ಮ ಮನೆಯಲ್ಲಿಯೇ ಮಾಗಿಸಿ. ನಾನು ಇನ್ನು ಮುಂದೆ ಮಾಡುವುದು ಅದನ್ನೇ.

ನಕಲಿ ಎಂದು ತಿಳಿದ ಪೆಟ್ಟಿಗೆಯನ್ನು ಕಸ್ಟಮ್ಸ್ ಮುಂದೆ ಒಯ್ಯುವ ಮನಸ್ಸಾಗಲಿಲ್ಲ, ಅಲ್ಲಿಯೇ ಬಿಟ್ಟು ಬಂದೆ. ಸೀಲ್‌ನ ಫೋಟೊ ಮಾತ್ರ ನನ್ನ ಬಳಿ ಉಳಿದಿತ್ತು. ಇದನ್ನೆಲ್ಲ ಬರೆಯಲು ನಾಚಿಕೆಯಾಗಿ ಇಷ್ಟು ದಿನ ಸುಮ್ಮನಿದ್ದೆ. ಈಗ ಬರೆಯಲು ಕಾರಣವಿದೆ. ಮಿಸ್ಸಿಸಾಗಾದ ನಮ್ಮ ಕನ್ನಡದ ಗೆಳೆಯರೊಬ್ಬರು ಕಳೆದ ವಾರ ಹವಾನಾದಿಂದ ಫೋಟೊ ಕಳಿಸಿ, ‘ನಮ್ಮ ಮದುವೆಯಾದ ವರ್ಷದ ಮೊಂಟೆಕ್ರಿಸ್ಟೊ ಸಿಕ್ಕಿದೆ, ತೆಗೆದುಕೊಳ್ಳಲೇ?’ ಎಂದು ಕೇಳಿದರು. ತಳದಲ್ಲಿ ಅವರ ಮದುವೆಯ ಇಸವಿಯ ಮೊಹರು ಇತ್ತು. ಸೀಲ್ ಅನ್ನು ಹತ್ತಿರದಿಂದ ತೆಗೆದು ಕಳಿಸಿ ಎಂದೆ. ಅದರ ಮೇಲಿದ್ದ ಸಂಖ್ಯೆ, ಮೊದಲ ಅಂಕಿಯಿಂದ ಕೊನೆಯ ಅಂಕಿಯವರೆಗೆ, ನನ್ನ ಪೆಟ್ಟಿಗೆಯ ಮೇಲಿದ್ದದ್ದೇ ಆಗಿತ್ತು.