ಮಹಿಳಾ ಹ್ಯಾಂಡ್‌ಬಾಲ್ ಚಾಂಪಿಯನ್ಸ್ ಲೀಗ್ ತೋರಿಸುವ ಆ್ಯಪ್: ಲೈವ್ ಸೂಪರ್, ಹಳೆಯದು ಕೇಳಬೇಡಿ

ಯುರೋಪಿನ ಮಹಿಳಾ ಕ್ಲಬ್ ಹ್ಯಾಂಡ್‌ಬಾಲ್ ನೋಡಲು ಈ ಸ್ಟ್ರೀಮಿಂಗ್ ಆ್ಯಪ್ ತೆಗೆದುಕೊಂಡೆ. ಲೈವ್ ಚೆನ್ನಾಗಿದೆ. ಗೋಲ್‌ಕೀಪರ್ ಕಾಲು ಚಾಚಿ ಚೆಂಡು ತಡೆದದ್ದನ್ನು ಸ್ಲೋ ಮೋಷನ್‌ನಲ್ಲಿ ಮತ್ತೆ ಮತ್ತೆ ತೋರಿಸುತ್ತಾರೆ, ಅಷ್ಟಕ್ಕೇ ಕೊಟ್ಟ ದುಡ್ಡು ವಸೂಲಿ. ಆದರೆ ಹಳೆಯ ಪಂದ್ಯಗಳ ವಿಭಾಗ ಬರೀ ಹೆಸರಿಗೆ. ಈ ಟೂರ್ನಿ ಯುರೋಪಿಯನ್ ಕಪ್ ಆಗಿ ಶುರುವಾಗಿದ್ದು 1960-61ರಲ್ಲಿ, ಚಾಂಪಿಯನ್ಸ್ ಲೀಗ್ ಆಗಿದ್ದು 1993ರಲ್ಲಿ. ಇಲ್ಲಿ ನೋಡಿದರೆ ಬುಡಾಪೆಸ್ಟ್‌ನಲ್ಲಿ ಫೈನಲ್ ಫೋರ್ (ಕೊನೆಯ ನಾಲ್ಕು ತಂಡಗಳ ಸೆಮಿಫೈನಲ್, ಫೈನಲ್ ಎಲ್ಲ ಒಂದೇ ಕಡೆ) ಶುರುವಾದ 2014ಕ್ಕಿಂತ ಹಿಂದಿನದು ಏನೂ ಇಲ್ಲ! ಇಗೊರ್ ತುರ್ಚಿನ್ ಕೋಚ್ ಆಗಿದ್ದಾಗ 13 ಸಲ ಕಪ್ ಎತ್ತಿದ ಸ್ಪಾರ್ಟಾಕ್ ಕೀವ್ ತಂಡದ ಒಂದು ತುಣುಕಾದರೂ ಬೇಡವಾ? 8 ಸಲ ಗೆದ್ದ ಆಸ್ಟ್ರಿಯಾದ ಹೈಪೋ ಕಥೆಯೂ ಅಷ್ಟೇ. 2021ರಿಂದ ಸತತ 3 ಸಲ ಗೆದ್ದ ನಾರ್ವೆಯ ವೈಪರ್ಸ್ ಆಟ ಸಾಕು ಅನ್ನುವವರು ಸುಮ್ನೆ ತೆಗೆದುಕೊಳ್ಳಿ. ನಾನಂತೂ ರಿನ್ಯೂ ಮಾಡಲ್ಲ.