ಬಾಟಲಿ ಹಾಕಿದರೆ ಮೈಲೇಜ್ ಬರುತ್ತೆ ಅಂದರು, ನಂಬಿದೆ, 6,050 ರೂಪಾಯಿ ಹೋಯಿತು

ಉಡುಪಿ, ಮಂಗಳೂರು ಕಡೆ ಕಾರು ಇರುವವರು ದಯವಿಟ್ಟು ಓದಿ. ಪೆಟ್ರೋಲ್ ಟ್ಯಾಂಕಿಗೆ ಹಾಕುವ ಬಾಟಲಿಯನ್ನು ಮೈಲೇಜ್ ಬೂಸ್ಟರ್ ಅಂತಲೋ ಇಂಜಿನ್ ಕ್ಲೀನರ್ ಅಂತಲೋ ಯಾರಾದರೂ ಕೈಗೆ ಕೊಟ್ಟರೆ ತಗೊಳ್ಳಬೇಡಿ. ನಾನು ತಗೊಂಡೆ. 6,050 ರೂಪಾಯಿ ಹೋಯಿತು. ಹಣ ಹೋದದ್ದಕ್ಕಿಂತ ಜಾಸ್ತಿ ಹೊಟ್ಟೆ ಉರಿಸಿದ್ದು ಬೇರೆಯೇ ಇದೆ, ಮುಂದೆ ಹೇಳುತ್ತೇನೆ.

ನನ್ನದು 2017ರ ಪೆಟ್ರೋಲ್ ಕಾರು. ಕೆಲಸಕ್ಕೆ ಉಡುಪಿಯಿಂದ ಸುರತ್ಕಲ್‌ಗೆ ಹೋಗಿ ಬರಬೇಕು, ದಿನಕ್ಕೆ ಹತ್ತಿರ ಹತ್ತಿರ 80 ಕಿಲೋಮೀಟರ್. ಮೊದಲೆಲ್ಲ ಲೀಟರ್‌ಗೆ 17 ಕೊಡುತ್ತಿತ್ತು. ಈ ಮಳೆಗಾಲ ಕಳೆಯುವಾಗ 14ಕ್ಕೆ ಬಂತು. ನನ್ನ ಓಡಾಟಕ್ಕೆ ತಿಂಗಳಿಗೆ 24 ಲೀಟರ್ ಜಾಸ್ತಿ ಪೆಟ್ರೋಲ್ ಅಂತ ಲೆಕ್ಕ. ಲೀಟರ್ ನೂರು ರೂಪಾಯಿ ದಾಟಿರುವಾಗ ಅದು ಸಣ್ಣ ಮೊತ್ತ ಅಲ್ಲ. ಹಾಗಾಗಿ ಹೈವೇ ಪಕ್ಕದ ಒಂದು ಸರ್ವಿಸ್ ಅಂಗಡಿಗೆ ಹೋದೆ. ಹೆಸರು ಬರೆಯುವುದಿಲ್ಲ.

ಕೌಂಟರ್‌ನಲ್ಲಿದ್ದವರು ಬಾನೆಟ್ ಕೂಡ ತೆಗೆಯಲಿಲ್ಲ. "ಈ20 ಪೆಟ್ರೋಲ್, ಅದೇ 20 ಪರ್ಸೆಂಟ್ ಎಥನಾಲ್ ಸೇರಿಸಿದ್ದು, ಬಂದ ಮೇಲೆ ಎಲ್ಲಾ ಗಾಡಿದೂ ಇದೇ ಕಥೆ ಮೇಡಂ. ಅದ್ರಲ್ಲೂ ನಮ್ಮ ಕಡೆ ಮಳೆ, ಟ್ಯಾಂಕಲ್ಲಿ ನೀರು ಕೂರ್ತದೆ. ಇಂಜಿನ್ ಒಳಗೆ ಫುಲ್ ಕಾರ್ಬನ್" ಅಂದರು. ಗ್ಯಾಸ್ ಮೆಷಿನ್ ಇಟ್ಟು ಕಾರ್ಬನ್ ತೆಗೆಯಲು 3,200. ಆಮೇಲೆ ಮೂರು ಟ್ಯಾಂಕಿಗೆ ಮೂರು ಬಾಟಲಿ, ಒಂದಕ್ಕೆ 950. "20 ಪರ್ಸೆಂಟ್ ಮೈಲೇಜ್ ಗ್ಯಾರಂಟಿ" ಅಂದರು. ಗ್ಯಾರಂಟಿ ಅನ್ನುವ ಮಾತು ಬಾಯಲ್ಲಿ ಮಾತ್ರ ಬಂತು. ಬಿಲ್ಲಿನಲ್ಲಿ ಬರೆದದ್ದು "ಜನರಲ್ ಸರ್ವಿಸ್". ಅದನ್ನು ನಾನು ಮನೆಗೆ ಬಂದ ಮೇಲೆ ನೋಡಿದೆ.

ಮೆಷಿನ್ ಓಡುವಾಗ ಹುಡುಗ ಒಬ್ಬ ಸೈಲೆನ್ಸರ್ ಕೆಳಗೆ ಬಿಳಿ ಬಟ್ಟೆ ಹಿಡಿದ. ಕಪ್ಪು ನೀರು ಬಿತ್ತು. "ನೋಡಿ ಮೇಡಂ, ಕಾರ್ಬನ್ ಹೊರಗೆ ಬರ್ತಾ ಇದೆ." ನಾನು ಫೋಟೋ ಕೂಡ ತೆಗೆದುಕೊಂಡೆ. ಪೆಟ್ರೋಲ್ ಉರಿದಾಗ ನೀರಿನ ಹಬೆ ಹುಟ್ಟುತ್ತದೆ, ತಣ್ಣಗಿನ ಸೈಲೆನ್ಸರ್‌ನಲ್ಲಿ ಅದು ಮಸಿ ಜೊತೆ ಹನಿಯಾಗಿ ಬೀಳುತ್ತದೆ. ಯಾವ ಪೆಟ್ರೋಲ್ ಕಾರನ್ನಾದರೂ ಬೆಳಿಗ್ಗೆ ಸ್ಟಾರ್ಟ್ ಮಾಡಿ ನೋಡಿ. ಮೊನ್ನೆ ಮನೆ ಅಂಗಳದಲ್ಲಿ ಹಳೆ ಪಂಚೆ ತುಂಡು ಹಿಡಿದು ನೋಡಿದೆ. ಅದೇ ಕಪ್ಪು ನೀರು.

ಆಮೇಲೆ ಮೊದಲ ಬಾಟಲಿ ಸುರಿದು, "ಬನ್ನಿ, ಈಗಲೇ ತೋರಿಸ್ತೇವೆ" ಅಂತ ಟ್ರಯಲ್‌ಗೆ ಕರೆದುಕೊಂಡು ಹೋದರು. ಸ್ಟೀರಿಂಗ್ ಅವರ ಕೈಯಲ್ಲಿ, ನಾನು ಪಕ್ಕದಲ್ಲಿ. ಅಂಬಾಗಿಲು ದಾಟಿತು, ಸಂತೆಕಟ್ಟೆ ದಾಟಿತು. ಗಾಡಿ 60ರಲ್ಲಿ ಟಾಪ್ ಗೇರಿನಲ್ಲಿ ನೆಟ್ಟಗೆ ಓಡುತ್ತಿರುವಾಗ ಮೀಟರಿನ ಬಟನ್ ಒತ್ತಿ ಆವರೇಜ್ ಸೊನ್ನೆ ಮಾಡಿದರು. ಏಸಿ ಆಫ್. ಬ್ರಹ್ಮಾವರ ಹತ್ತಿರ ಬರುವಾಗ ಸ್ಕ್ರೀನಿನಲ್ಲಿ 19.2! "ಎಷ್ಟು ಬರ್ತಾ ಇತ್ತು ಅಂದ್ರಿ ಮೇಡಂ? 14 ಅಲ್ವಾ?" ಅಂತ ನಕ್ಕರು. ನಾನೂ ನಕ್ಕೆ. ಆ ನಗು ನೆನಪಾದರೆ ಈಗಲೂ ಮುಖ ಬಿಸಿಯಾಗುತ್ತದೆ.

ಅಷ್ಟೇ ಅಲ್ಲ. ಅಲ್ಲಿಂದಲೇ ಅಣ್ಣನಿಗೆ ಫೋನ್ ಮಾಡಿದೆ. "ನೀನೂ ಬಾ, ಒಳ್ಳೆ ರಿಸಲ್ಟ್ ಇದೆ" ಅಂದೆ. ಅವನದು ಡೀಸೆಲ್ ಗಾಡಿ. ನನ್ನ ಮಾತು ಕೇಳಿ ಮಾರನೇ ದಿನ ಹೋಗಿ ಎರಡು ಬಾಟಲಿ ತಂದ. ನನ್ನ ಹಣ ನಾನು ಕಳೆದುಕೊಂಡೆ, ಇರಲಿ. ನನ್ನ ಮಾತಿನ ಮೇಲೆ ಅಣ್ಣನೂ ಹಣ ಕಳೆದುಕೊಂಡ. ನನಗೆ ಜಾಸ್ತಿ ಉರಿದದ್ದು ಇದೇ.

ಒಂದು ಟ್ಯಾಂಕ್ ಮುಗಿಯಿತು. ಅದೇ ಬಂಕಿನಲ್ಲಿ, ಅದೇ ಪಂಪಿನಲ್ಲಿ ಕಟ್ ಆಗುವ ತನಕ ತುಂಬಿಸಿ, ಓಡಿದ ಕಿಲೋಮೀಟರನ್ನು ಹಿಡಿದ ಲೀಟರಿನಿಂದ ಭಾಗಿಸಿ ಲೆಕ್ಕ ಹಾಕಿದೆ. 14.1. ಫೋನ್ ಮಾಡಿದೆ. "ಒಂದೇ ಟ್ಯಾಂಕಿಗೆ ಆಗಲ್ಲ ಮೇಡಂ, ಮೂರು ಆಗ್ಬೇಕು." ಸರಿ, ಎರಡನೇ ಬಾಟಲಿ. 13.9. "ಯಾವ ಬಂಕಲ್ಲಿ ಹಾಕಿಸ್ತೀರಿ? ಅಲ್ಲಿ ಪೆಟ್ರೋಲ್ ಸರಿ ಇಲ್ಲ." ಮೂರನೇ ಬಾಟಲಿಗೆ ಬಂಕ್ ಬದಲಾಯಿಸಿದೆ. ಮತ್ತೆ 14. ಈ ಸಲ ನೇರ ಅಂಗಡಿಗೆ ಹೋದೆ. ಬಿಲ್ಲು, ಲೆಕ್ಕ ಬರೆದ ಚೀಟಿ ಎಲ್ಲಾ ಮೇಜಿನ ಮೇಲೆ ಇಟ್ಟೆ. ಚೀಟಿ ಕಡೆ ನೋಡಲೇ ಇಲ್ಲ. "ಗಾಡಿ ಓಡಿಸೋದು ನೀವೇನಾ, ಯಜಮಾನ್ರಾ? ಲೇಡೀಸ್ ಕ್ಲಚ್ ಮೇಲೆ ಕಾಲು ಇಟ್ಟೇ ಓಡಿಸ್ತಾರೆ ಮೇಡಂ, ಅದಕ್ಕೆ ಬಾಟಲಿ ಏನು ಮಾಡ್ತದೆ?"

ಹನ್ನೆರಡು ವರ್ಷದಿಂದ ಈ ರೋಡಿನಲ್ಲಿ ಗಾಡಿ ಓಡಿಸುತ್ತಿದ್ದೇನೆ. ಇದೇ ಕಾಲು, ಇದೇ ಕ್ಲಚ್, ಆಗ 17 ಬರುತ್ತಿತ್ತಲ್ಲ? ಇಬ್ಬರು ಗಿರಾಕಿಗಳು ಅಲ್ಲೇ ನಿಂತು ನೋಡುತ್ತಿದ್ದರು. ಬಾಯಿಗೆ ಮಾತೇ ಬರಲಿಲ್ಲ. ಹೊರಗೆ ಬಂದು ಕಾರಿನಲ್ಲಿ ಕೂತಾಗ ಕೈ ನಡುಗುತ್ತಿತ್ತು.

ಆ ಸಿಟ್ಟಿನಲ್ಲೇ ಭಾನುವಾರ ಬೆಳಿಗ್ಗೆ ಸಂತೆಕಟ್ಟೆ ಕಡೆ ಗಾಡಿ ತಿರುಗಿಸಿದೆ. ಟ್ಯಾಂಕಿನಲ್ಲಿ ಯಾವ ಬಾಟಲಿಯೂ ಇಲ್ಲ, ಬರೀ ಪೆಟ್ರೋಲ್. ಅವರು ಮಾಡಿದ ಹಾಗೆಯೇ ಮಾಡಿದೆ. ಇಂಜಿನ್ ಬಿಸಿಯಾಗಿದೆ, 60ರ ಸ್ಪೀಡ್, ಟಾಪ್ ಗೇರ್, ಏಸಿ ಆಫ್. ಬಟನ್ ಒತ್ತಿದೆ. ಬ್ರಹ್ಮಾವರದಲ್ಲಿ ಸ್ಕ್ರೀನ್ ನೋಡಿದರೆ 19.1.

ಗಾಡಿಯನ್ನು ರೋಡಿನ ಬದಿಗೆ ಹಾಕಿ ಸುಮ್ನೆ ಕೂತೆ. ಓಡುವ ಗಾಡಿಯಲ್ಲಿ ಸೊನ್ನೆ ಮಾಡಿದರೆ ಸ್ಟಾರ್ಟಿಂಗ್, ಸಿಗ್ನಲ್, ಗೇರ್ ಬದಲಾವಣೆ, ಕಲ್ಸಂಕದ ಜಾಮ್ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಯಾವ ಗಾಡಿಯಾದರೂ ಒಳ್ಳೆ ನಂಬರೇ ತೋರಿಸುತ್ತದೆ. ನನ್ನ ಪಕ್ಕದಲ್ಲೇ ಕೂತು, ನನ್ನ ಕಾರಿನ ಮೀಟರಿನಲ್ಲೇ ನನಗೆ ಮೋಸ ಮಾಡಿದರು.

ಆಮೇಲೆ ಕೂತು ಓದಿದೆ, ಗೊತ್ತಿದ್ದವರನ್ನು ಕೇಳಿದೆ. ಮೊದಲೇ ಮಾಡಬೇಕಿತ್ತು. ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರರಲ್ಲಿ ಒಂದು ಪಾಲು ಶಕ್ತಿ ಕಡಿಮೆ ಅನ್ನುವುದು ನಿಜ. ಆದರೆ 20 ಪರ್ಸೆಂಟ್ ಎಥನಾಲ್ ಸೇರಿದರೆ ಲೀಟರಿನ ಶಕ್ತಿ ಆರೇಳು ಪರ್ಸೆಂಟ್ ಇಳಿಯುತ್ತದೆ, ಅಷ್ಟೇ. 17 ಇದ್ದದ್ದು 16 ಆಗಬಹುದು, 14 ಹೇಗೆ ಆಗುತ್ತದೆ? ಬಾಟಲಿ 300 ಎಂಎಲ್, ಟ್ಯಾಂಕ್ 35 ಲೀಟರ್. ನೂರರಲ್ಲಿ ಒಂದು ಪಾಲೂ ಇಲ್ಲ. ಅದರಿಂದ ಹೊಸ ಶಕ್ತಿ ಎಲ್ಲಿಂದ ಬರಬೇಕು? ಟ್ಯಾಂಕಿನಲ್ಲಿ ನಿಜವಾಗಿ ನೀರು ನಿಂತಿದ್ದರೆ ಟ್ಯಾಂಕ್ ಖಾಲಿ ಮಾಡಿಸಬೇಕು, ಬಾಟಲಿ ಸುರಿದರೆ ಆ ನೀರು ಎಲ್ಲಿಗೂ ಹೋಗುವುದಿಲ್ಲ. ದಿನಾ ಓಡುವ, ವಾರಕ್ಕೊಮ್ಮೆ ತುಂಬಿಸುವ ಗಾಡಿಗೆ ಆ ಭಯ ಹುಟ್ಟಿಸುವುದೇ ತಪ್ಪು.

ಎಲ್ಲಾ ಬಾಟಲಿಯೂ ಬರೀ ನೀರು ಅಂತ ನಾನು ಹೇಳುವುದಿಲ್ಲ. ಪಾಲಿಈಥರ್‌ಅಮೈನ್ ಅನ್ನುವ ರಾಸಾಯನಿಕ ಸರಿಯಾದ ಪ್ರಮಾಣದಲ್ಲಿದ್ದರೆ, ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿನ ಕೊಳೆ ತೆಗೆಯುತ್ತದೆ. ಕೊಳೆಯಿಂದ ಕಳೆದುಹೋದ ಮೈಲೇಜ್ ಮರಳಿ ಬರಬಹುದು, ಅದಕ್ಕಿಂತ ಮೇಲೆ ಬರುವುದಿಲ್ಲ. ಕೊಳೆಯೇ ಇಲ್ಲದಿದ್ದರೆ ಏನೂ ಇಲ್ಲ. ಹೊಸ ಡೈರೆಕ್ಟ್ ಇಂಜೆಕ್ಷನ್ ಇಂಜಿನ್‌ಗಳಲ್ಲಿ ಪೆಟ್ರೋಲ್ ನೇರ ಸಿಲಿಂಡರಿನೊಳಗೆ ಹೋಗುತ್ತದೆ, ಗಾಳಿ ಒಳಗೆ ಬಿಡುವ ಇನ್‌ಟೇಕ್ ವಾಲ್ವಿಗೆ ತಾಗುವುದೇ ಇಲ್ಲ, ಹಾಗಾಗಿ ಟ್ಯಾಂಕಿಗೆ ಏನು ಹಾಕಿದರೂ ಆ ವಾಲ್ವಿನ ಕಾರ್ಬನ್ ಹೋಗುವುದಿಲ್ಲ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಪೆಟ್ರೋಲ್ ಉಳಿಸುತ್ತೇವೆ ಅನ್ನುವ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ. ಮೈಲೇಜನ್ನು ದೊಡ್ಡದಾಗಿ ಏರಿಸಿದ್ದು ಒಂದೂ ಸಿಗಲಿಲ್ಲ.

ಹಾಗಾದರೆ ನನ್ನ ಕಾರಿಗೆ ಏನಾಗಿತ್ತು? ಕೊನೆಗೆ ನಮ್ಮ ಮನೆ ಹತ್ತಿರದ ಹಳೆ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಮೊದಲು ಕೇಳಿದ್ದು "ಗಾಡಿ ನ್ಯೂಟ್ರಲ್‌ನಲ್ಲಿ ತಾನಾಗಿ ಉರುಳ್ತದಾ?" ಅಂತ. ಇಳಿಜಾರಿನಲ್ಲಿ ಬಿಟ್ಟು ನೋಡಿದರು. ನಾಲ್ಕು ಹೆಜ್ಜೆ ಹೋಗಿ ನಿಂತಿತು. ಮುಂದಿನ ಎಡ ಚಕ್ರದ ಹತ್ತಿರ ಕೈ ಇಟ್ಟು, "ಎಂತ ಮಾರಾಯ್ರೇ, ಇದು ದೋಸೆ ಕಾವಲಿ ಹಾಗೆ ಕಾದಿದೆ" ಅಂದರು. ಬ್ರೇಕ್ ಪ್ಯಾಡನ್ನು ಒತ್ತುವ ಕ್ಯಾಲಿಪರಿನ ಪಿನ್ ತುಕ್ಕು ಹಿಡಿದು ಬ್ರೇಕ್ ಪೂರ್ತಿ ಬಿಡುತ್ತಿರಲಿಲ್ಲ. ನಮ್ಮ ಕಡೆಯ ಮಳೆ, ಸಮುದ್ರದ ಉಪ್ಪು ಗಾಳಿ, ಗೊತ್ತಲ್ಲ. ನಾನು ದಿನಾ ಬ್ರೇಕ್ ಒತ್ತಿಕೊಂಡೇ ಸುರತ್ಕಲ್‌ಗೆ ಹೋಗಿ ಬರುತ್ತಿದ್ದೆ! ಟೈರಿನಲ್ಲಿ ಗಾಳಿ 33 ಇರಬೇಕಾದಲ್ಲಿ 25. ಪಿನ್ ತೆಗೆದು ಗ್ರೀಸ್ ಹಾಕಿ, ಪ್ಯಾಡ್ ಬದಲಾಯಿಸಿ, ಗಾಳಿ ಹೊಡೆಸಿ ಒಟ್ಟು 1,900. ಮುಂದಿನ ಟ್ಯಾಂಕಿಗೆ 16 ಬಂತು.

ಯೋಚಿಸಿ. ಬ್ರೇಕ್ ಜಾಮ್ ಆದ ಗಾಡಿಯನ್ನು ಆ ಮನುಷ್ಯ ಸಂತೆಕಟ್ಟೆಯಿಂದ ಬ್ರಹ್ಮಾವರದ ತನಕ ತಾನೇ ಓಡಿಸಿದ್ದಾರೆ. ಗೊತ್ತಾಗಲಿಲ್ಲವೋ, ಗೊತ್ತಾಗಿಯೂ ಹೇಳಲಿಲ್ಲವೋ? ಮಕ್ಕಳನ್ನು ಕೂರಿಸಿಕೊಂಡು ಆ ಗಾಡಿಯಲ್ಲಿ ಆಗುಂಬೆ ಘಾಟಿ ಇಳಿಯಲು ಹೊರಟಿದ್ದೆ ನಾನು. ಸರ್ವಿಸ್ ಅಂತ ದುಡ್ಡು ತಗೊಂಡವರು ಚಕ್ರ ಒಂದು ಸಲ ಮುಟ್ಟಿ ನೋಡಬಾರದಾ?

ನಿಮ್ಮ ಗಾಡಿಯ ಮೈಲೇಜ್ ಇಳಿದರೆ ಮೊದಲು ಟೈರ್ ಗಾಳಿ, ಬ್ರೇಕ್, ಏರ್ ಫಿಲ್ಟರ್ ನೋಡಿಸಿ. ಸ್ಕ್ರೀನಿನ ನಂಬರ್ ನಂಬಬೇಡಿ, ಫುಲ್ ಟ್ಯಾಂಕ್ ಲೆಕ್ಕ ಹಾಕಿ. ಗ್ಯಾರಂಟಿ ಅಂದರೆ "ಬಿಲ್ಲಿನಲ್ಲಿ ಬರೆದು ಕೊಡಿ" ಅನ್ನಿ. ಬರೆಯುವುದಿಲ್ಲ ಅಂದರೆ ಎದ್ದು ಬನ್ನಿ.

ಹಣ ವಾಪಸ್ ಕೇಳಿ ಆ ಸರ್ವಿಸ್ ಅಂಗಡಿಗೆ ವಾಟ್ಸಾಪ್ ಮಾಡಿದೆ. ನೀಲಿ ಟಿಕ್ ಬಂತು, ಉತ್ತರ ಇಲ್ಲ. ಎರಡನೇ ಸಲಕ್ಕೆ "ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ" ಅಂತ ಒಂದು ಸಾಲು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಟ್ಟೆ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ, 5 ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ. ಅದನ್ನೂ ಬರೆದು ಕಳಿಸಿದೆ. ನಿನ್ನೆ ಅಂಗಡಿಯವರೇ ಫೋನ್ ಮಾಡಿದರು. "ಮೂರು ಬಾಟಲಿದ್ದು ದುಡ್ಡು ಕೊಡ್ತೇವೆ ಮೇಡಂ, ದೂರು ವಾಪಸ್ ತಗೊಳ್ಳಿ." ಪೂರ್ತಿ 6,050 ಕೊಡಿ, ಜೊತೆಗೆ ಅಣ್ಣನ ಎರಡು ಬಾಟಲಿಯದ್ದೂ ಕೊಡಿ ಅಂದೆ. ಇನ್ನೂ ಉತ್ತರ ಬಂದಿಲ್ಲ. ದೂರು ವಾಪಸ್ ತಗೊಂಡಿಲ್ಲ.