ಸಿಯಾಟಲ್‌ನ 1 ಲೈನ್ ಲೈಟ್ ರೈಲು: ಇಷ್ಟು ವರ್ಷ ಓಡಾಡಿದ ಮೇಲೆ ನನ್ನ ಅನಿಸಿಕೆ

ಸಿಯಾಟಲ್‌ಗೆ ಹೊಸದಾಗಿ ಬರೋರು ಮೊದಲು ಕೇಳೋದು ಕಾರು ಬೇಕೇ ಬೇಕಾ ಅಂತ. ಮನೆ 1 ಲೈನ್ ಸ್ಟೇಷನ್ ಹತ್ತಿರ ಸಿಕ್ಕಿ, ಆಫೀಸೂ ಡೌನ್‌ಟೌನ್‌ನಲ್ಲೇ ಇದ್ದರೆ ಬೇಡ ಅಂತೀನಿ. ರೈಲು ಇನ್ನೂ ನಾರ್ತ್‌ಗೇಟ್ ಮುಟ್ಟದ ಕಾಲದಿಂದ ನಾನು ಇದರಲ್ಲಿ ಓಡಾಡುತ್ತಿದ್ದೇನೆ. ತುಂಬಾ ಇಷ್ಟ. ಆದರೆ ಒಂದು ತಕರಾರೂ ಇದೆ, ಅದನ್ನ ಆಮೇಲೆ ಹೇಳ್ತೀನಿ.

2009ರಲ್ಲಿ ಶುರುವಾದ ಈ ಲೈನ್ 2021ರಲ್ಲಿ ಊರಿನ ಉತ್ತರ ಭಾಗದ ನಾರ್ತ್‌ಗೇಟ್‌ಗೆ, 2024ರ ಆಗಸ್ಟ್‌ನಲ್ಲಿ ಇನ್ನೂ ಉತ್ತರದ ಲಿನ್‌ವುಡ್ ಊರಿಗೆ ಬಂತು. ಲಿನ್‌ವುಡ್‌ನಿಂದ ಡೌನ್‌ಟೌನ್‌ನ ವೆಸ್ಟ್‌ಲೇಕ್ ಸ್ಟೇಷನ್‌ಗೆ ಸುಮಾರು 28 ನಿಮಿಷ. ಐ-5 ಹೆದ್ದಾರಿಯಲ್ಲಿ ಮಳೆ ಬಂದು ಗಾಡಿಗಳೆಲ್ಲ ತೆವಳುತ್ತಿದ್ದರೂ ಅಷ್ಟೇ ಹೊತ್ತು. ನನಗೆ ಮುಖ್ಯ ಅನಿಸೋದು ಇದೇ: ಎಷ್ಟು ಹೊತ್ತಿಗೆ ಹೊರಟರೆ ಎಷ್ಟು ಹೊತ್ತಿಗೆ ತಲುಪ್ತೀನಿ ಅಂತ ಮೊದಲೇ ಗೊತ್ತಿರುತ್ತೆ. ಲಿನ್‌ವುಡ್ ಸ್ಟೇಷನ್‌ನಲ್ಲಿ ದೊಡ್ಡ ಪಾರ್ಕಿಂಗ್ ಕಟ್ಟಡವೂ ಇದೆ.

ಟಿಕೆಟ್ ವಿಷಯ ಈಗ ಸುಲಭ. ಮೊದಲು ದೂರದ ಲೆಕ್ಕದಲ್ಲಿ ದುಡ್ಡು, ಹಾಗಾಗಿ ಇಳಿಯುವಾಗಲೂ ಕಾರ್ಡ್ ಮುಟ್ಟಿಸಬೇಕಿತ್ತು. 2024ರಿಂದ ಎಲ್ಲಿಂದ ಎಲ್ಲಿಗೆ ಹೋದರೂ ದೊಡ್ಡವರಿಗೆ 3 ಡಾಲರ್, ಹತ್ತುವಾಗ ಓರ್ಕಾ (ಇಲ್ಲಿನ ಬಸ್ಸು, ರೈಲಿನ ಟಿಕೆಟ್ ಕಾರ್ಡ್) ಮುಟ್ಟಿಸಿದರೆ ಸಾಕು. 18 ವರ್ಷದವರೆಗಿನ ಮಕ್ಕಳಿಗೆ ದುಡ್ಡೇ ಇಲ್ಲ. ಅಪ್ಪ ಅಮ್ಮ ಊರಿಂದ ಬಂದು ಕೆಲವು ತಿಂಗಳು ಇರ್ತಾರೆ ಅಂದರೆ, 65 ದಾಟಿದವರಿಗೆ ಸಿಗುವ ರಿಯಾಯಿತಿ ಕಾರ್ಡ್ ಮೊದಲೇ ಮಾಡಿಸಿಬಿಡಿ, 1 ಡಾಲರ್‌ಗೆ ಓಡಾಡಬಹುದು. ಸ್ಟೇಷನ್‌ನಲ್ಲಿ ಗೇಟ್ ಇಲ್ಲ ಅಂತ ಸುಮ್ನೆ ಹತ್ತಬೇಡಿ, ಬೋಗಿಯೊಳಗೆ ಬಂದು ಚೆಕ್ ಮಾಡ್ತಾರೆ.

ಈಗ ತಕರಾರು. ಉತ್ತರದ ಕಡೆ ರೈಲಿಗೆ ಸುರಂಗ, ಮೇಲ್ಸೇತುವೆ, ಒಟ್ಟಿನಲ್ಲಿ ತನ್ನದೇ ದಾರಿ. ಡೌನ್‌ಟೌನ್‌ನಿಂದ ದಕ್ಷಿಣಕ್ಕೆ ಹೋದರೆ ಹಾಗಲ್ಲ: ಬೀಕನ್ ಹಿಲ್ ಗುಡ್ಡದ ಸುರಂಗ ದಾಟಿ ಮೌಂಟ್ ಬೇಕರ್ ಸ್ಟೇಷನ್ ಬಿಟ್ಟಮೇಲೆ ರೈಲು ನೆಲಕ್ಕಿಳಿದು ಮಾರ್ಟಿನ್ ಲೂಥರ್ ಕಿಂಗ್ ರಸ್ತೆಯ ನಡುವೆ ಹೋಗುತ್ತೆ. ವೇಗ ಇಳಿಯೋದು ಕೂತಲ್ಲೇ ಗೊತ್ತಾಗುತ್ತೆ. ಗಂಟೆ ಬಾರಿಸ್ತಾರೆ. ಕಿಟಕಿಯ ಪಕ್ಕದಲ್ಲೇ ಕಾರುಗಳು, ಅಂಗಡಿ ಬೋರ್ಡುಗಳು, ಹಳಿ ದಾಟೋಕೆ ಮಗುವಿನ ಕೈ ಹಿಡಿದು ನಿಂತ ಜನ. ಬೇರೆ ಕಡೆ ಗಂಟೆಗೆ 55 ಮೈಲಿ ಓಡುವ ರೈಲು ಇಲ್ಲಿ 35 ಮೀರುವ ಹಾಗಿಲ್ಲ. ಯಾವುದೋ ಕಾರು ಎಡಕ್ಕೆ ತಿರುಗುವಾಗ ಹಳಿಗೆ ಅಡ್ಡ ಬಂದರೆ ಇದೇ ರಸ್ತೆಯ ಕೊಲಂಬಿಯಾ ಸಿಟಿಯಲ್ಲಿ ಆದ ಡಿಕ್ಕಿಗೆ ಅಷ್ಟು ದೂರದ ಲಿನ್‌ವುಡ್‌ನಲ್ಲಿ ಜನ ಪ್ಲಾಟ್‌ಫಾರ್ಮ್ ಮೇಲೆ ಕಾಯಬೇಕಾಗುತ್ತೆ, ಯಾಕಂದ್ರೆ ಎಲ್ಲ ಒಂದೇ ಲೈನ್. ತಡ ಆಗೋದಕ್ಕಿಂತ ಜಾಸ್ತಿ ಬೇಜಾರು ಅಂದರೆ, ಪ್ರಾಣಾಪಾಯ ಪೂರ್ತಿ ಆ ಬಡಾವಣೆಯವರ ಪಾಲಿಗೆ ಬಂದಿದೆ. ರೈಲನ್ನೇ ನಂಬಿಕೊಂಡಿರೋ ಎಷ್ಟೋ ಮನೆಗಳು ಅಲ್ಲಿವೆ. ಲೈನನ್ನ ಇನ್ನೂ ದೂರಕ್ಕೆ ಎಳೆಯೋದು ಒಳ್ಳೆಯದೇ, ಆದರೆ ಈ ಕ್ರಾಸಿಂಗ್‌ಗಳನ್ನ ಸರಿಮಾಡೋದು ಅದಕ್ಕಿಂತ ಮೊದಲು ಆಗಬೇಕಿತ್ತು ಅಲ್ವಾ?

ಆ ರಸ್ತೆಯ ಕೊನೆಯ ರೈನಿಯರ್ ಬೀಚ್ ಸ್ಟೇಷನ್ ಆದಮೇಲೆ ರೈಲು ಮತ್ತೆ ಮೇಲೇರಿ ಮುಂದಿನ ಸ್ಟೇಷನ್ ಟಕ್‌ವಿಲಾವರೆಗೆ ಎಲ್ಲೂ ನಿಲ್ಲದೆ ಹೋಗುತ್ತೆ.

ಇನ್ನೊಂದೆರಡು ಮಾತು. ಸೈಕಲ್ ತರೋರಿಗೆ ಬೋಗಿಯಲ್ಲಿ ಕೊಕ್ಕೆ ಇದೆ, ಆದರೆ ಮುಂದಿನ ಚಕ್ರ ಎತ್ತಿ ನೇತುಹಾಕಬೇಕು, ಭಾರದ ಸೈಕಲ್ ಆದರೆ ಕಷ್ಟ. ಬೀಕನ್ ಹಿಲ್ ಪ್ಲಾಟ್‌ಫಾರ್ಮ್ ಸುಮಾರು 160 ಅಡಿ ಆಳದಲ್ಲಿದೆ, ಎಸ್ಕಲೇಟರ್ ಇಲ್ಲ, ಎಲ್ಲರಿಗೂ ಲಿಫ್ಟೇ ಗತಿ. ಮ್ಯಾಚ್ ಇದ್ದ ದಿನ ಸ್ಟೇಡಿಯಂ ಸ್ಟೇಷನ್ ಹತ್ತಿರ ಕಾಲಿಡೋಕೆ ಜಾಗ ಇರಲ್ಲ.

ಏರ್‌ಪೋರ್ಟ್‌ಗೆ ಹೋಗೋದಾದರೆ ವೆಸ್ಟ್‌ಲೇಕ್‌ನಿಂದ ಸುಮಾರು 38 ನಿಮಿಷ. ಆದರೆ ಸ್ಟೇಷನ್ ಟರ್ಮಿನಲ್‌ಗೆ ಅಂಟಿಕೊಂಡಿಲ್ಲ, ಪಾರ್ಕಿಂಗ್ ಕಟ್ಟಡದ ನಾಲ್ಕನೇ ಮಹಡಿ ಪೂರ್ತಿ ದಾಟಿ ನಡೀಬೇಕು. ದೊಡ್ಡ ಸೂಟ್‌ಕೇಸ್, ವಯಸ್ಸಾದವರು ಜೊತೆಗಿದ್ದರೆ ಆ ನಡಿಗೆಗೆ ಅಂತಲೇ ಹದಿನೈದು ನಿಮಿಷ ಇಟ್ಟುಕೊಂಡು ಹೊರಡಿ.